ನೆಲ ದೂರವಾದದ್ದು ಯಾವಾಗ?

ನಮ್ಮಜ್ಜಿ ಬಿದ್ದದ್ದು ಕಾರ್ತೀಕದ ಒಂದು ನಸುಕಿನಲ್ಲಿ, ಬಚ್ಚಲುಮನೆಯಿಂದ ಅಡುಗೆಮನೆಗೆ ಬರುವ ನಾಲ್ಕು ಹೆಜ್ಜೆ ದಾರಿಯಲ್ಲಿ. ಮೂಳೆ ಮುರಿಯಲಿಲ್ಲ, ರಕ್ತ ಬರಲಿಲ್ಲ. ಆದರೆ ಏಳಲಿಕ್ಕೆ ಆಗಲಿಲ್ಲ. ನಾಲ್ಕು ಗಂಟೆಗೆ ಬಿದ್ದವಳು, ಡೈರಿಗೆ ಹಾಲು ಹಾಕಲು ಹೊರಟ ಪಕ್ಕದ ಮನೆ ಚಿಕ್ಕಮ್ಮ ಕಿಟಕಿಯಲ್ಲಿ ಇಣುಕಿ ಕೂಗುವವರೆಗೆ, ಅಂದರೆ ಹತ್ತಿರ ಹತ್ತಿರ ಎರಡು ಗಂಟೆ, ತಣ್ಣನೆಯ ಟೈಲ್ಸ್ ಮೇಲೇ ಇದ್ದಳು. ಒಳಕೋಣೆಯಲ್ಲಿ ನಾವು ಮೂವರು ಮಲಗಿದ್ದೆವು.

"ಯಾಕಜ್ಜಿ ಕೂಗ್ಲಿಲ್ಲ?" ಅಂದೆ.

"ನಿದ್ದೆ ಯಾಕೆ ಕೆಡಿಸೋದು ಅಂತ. ಈಗ ಎದ್ದೆ, ಈಗ ಎದ್ದೆ ಅಂತಾನೇ ಇದ್ದೆ ಕಣವ್ವ."

ಅವತ್ತಿನಿಂದ ಮನೆಯಲ್ಲಿ ಕಾನೂನು ಬದಲಾಯಿತು. ಅಜ್ಜಿ ನೆಲಕ್ಕೆ ಕೂರುವ ಹಾಗಿಲ್ಲ. ಊಟ ಕುರ್ಚಿಯಲ್ಲಿ, ಮಲಗುವುದು ಮಂಚದಲ್ಲಿ, ಪೂಜೆ ನಿಂತುಕೊಂಡೇ. ಪ್ರೀತಿಯಿಂದಲೇ ಮಾಡಿದ್ದು. ಆದರೆ ನನಗೊಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅರವತ್ತು ವರ್ಷ ದಿನಕ್ಕೆ ಹತ್ತಾರು ಸಲ ನೆಲಕ್ಕೆ ಕೂತು ಎದ್ದ ಹೆಂಗಸು, ಅದೇ ನೆಲದಿಂದ ಏಳುವುದನ್ನು ಮರೆತದ್ದು ಹೇಗೆ? ಮೊದಲು ಮನೆಯವರನ್ನೇ ಕೇಳಿದೆ, ಆಮೇಲೆ ಪುಸ್ತಕ, ಸಂಶೋಧನೆಗಳ ಕಡೆ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಹಿಡಿಯಲಿಕ್ಕೆ ಏನಾದರೂ ಇದ್ದ ಮನೆ

ಅಜ್ಜಿಯ ಹಳೆಯ ಒಂದು ದಿನವನ್ನು ಅವಳ ಬಾಯಿಂದಲೇ ಹೇಳಿಸಿ ಎಣಿಸಿದೆ. ಬೆಳಿಗ್ಗೆ ಚಾಪೆಯಿಂದ ಎದ್ದದ್ದು ಒಂದು. ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತದ್ದು, ಅಂಗಳ ಸಾರಿಸಿ ರಂಗೋಲಿ ಬಿಟ್ಟದ್ದು, ಒಲೆ ಮುಂದೆ ಕೂತು ಊದಿದ್ದು, ಒರಳಲ್ಲಿ ರುಬ್ಬಿದ್ದು, ಸೊಪ್ಪು ಸೋಸಿದ್ದು, ಮಕ್ಕಳಿಗೆ ಬಡಿಸಿ ತಾನು ಕೊನೆಗೆ ಉಂಡದ್ದು. ಮಧ್ಯಾಹ್ನಕ್ಕೇ ಇಪ್ಪತ್ತು ದಾಟಿತು, ಎಣಿಕೆ ಬಿಟ್ಟೆ. ಇದನ್ನು ಯಾರೂ ವ್ಯಾಯಾಮ ಅನ್ನಲಿಲ್ಲ. ಬದುಕೇ ಹಾಗಿತ್ತು.

ಇನ್ನೊಂದು ವಿಷಯ ಆ ಮನೆಯಲ್ಲೇ ಇತ್ತು. ಹಳೆಯ ತೊಟ್ಟಿಮನೆಗಳನ್ನು ನೆನಪು ಮಾಡಿಕೊಳ್ಳಿ. ನಡುವೆ ತೊಟ್ಟಿ, ಸುತ್ತ ಮರದ ಕಂಬಗಳು. ಕೂರುವವರು ಕಂಬಕ್ಕೆ ಒರಗಿ ಕೂರುತ್ತಿದ್ದರು, ಏಳುವಾಗ ಅದೇ ಕಂಬ ಹಿಡಿಯುತ್ತಿದ್ದರು. ಊಟಕ್ಕೆ ಮಣೆ, ಅದು ಎರಡು ಮೂರು ಬೆರಳು ಎತ್ತರವಾದರೂ ಮಂಡಿಗೆ ಅಷ್ಟೇ ಉಪಕಾರ. ಹೊರಗೆ ಜಗಲಿ, ಅದಕ್ಕೆ ಮೆಟ್ಟಿಲು. ಪಕ್ಕದಲ್ಲಿ ಒರಳುಕಲ್ಲು. ಅಂದರೆ ನೆಲಕ್ಕೂ ನಿಂತ ಮನುಷ್ಯನಿಗೂ ನಡುವೆ ಮೂರು ನಾಲ್ಕು ಎತ್ತರಗಳು ಮನೆಯೊಳಗೇ ಇದ್ದವು. ವಯಸ್ಸಾದಂತೆ ಜನ ಒಂದೊಂದೇ ಎತ್ತರ ಮೇಲೆ ಬರುತ್ತಿದ್ದರು: ಚಾಪೆಯಿಂದ ಮಣೆಗೆ, ಮಣೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಜಗಲಿಗೆ. ನಮ್ಮ ಮುತ್ತಜ್ಜನಿಗೆ ಕೊನೆಗಾಲದಲ್ಲಿ ತೊಲೆಗೆ ಒಂದು ಹಗ್ಗ ಕಟ್ಟಿ, ನಡುನಡುವೆ ಗಂಟು ಹಾಕಿ ಇಳಿಬಿಟ್ಟಿದ್ದರಂತೆ. ಹಾಸಿಗೆಯಿಂದ ಅದನ್ನೇ ಹಿಡಿದು ಎದ್ದು ಕೂರುತ್ತಿದ್ದನಂತೆ.

ಹಳೆಯ ಹೆಂಗಸರು ನೆಲದಿಂದ ಏಳುವ ರೀತಿಯನ್ನು ನೀವೂ ನೋಡಿರುತ್ತೀರಿ. ಅವರು ನೇರವಾಗಿ ಮೇಲಕ್ಕೆ ಏಳುವುದಿಲ್ಲ. ಮೊದಲು ಪಕ್ಕಕ್ಕೆ ಹೊರಳುತ್ತಾರೆ, ಎರಡೂ ಕೈ ಊರುತ್ತಾರೆ, ಒಂದು ಮಂಡಿ ನೆಲದಲ್ಲಿಟ್ಟು ಇನ್ನೊಂದು ಪಾದ ಮುಂದೆ ಇಡುತ್ತಾರೆ, ಒಂದು ಕೈ ತೊಡೆಯ ಮೇಲೆ, ಒಂದು ಕೈ ಗೋಡೆಗೆ. ಏಳುವಾಗ "ಶಿವಾ..." ಅಂತ ಉದ್ದಕ್ಕೆ ಉಸಿರು ಬಿಡುತ್ತಾರೆ. ನಾವು ಚಿಕ್ಕವರಿದ್ದಾಗ ಅದನ್ನು ಅಣಕಿಸಿ ನಗುತ್ತಿದ್ದೆವು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ, ಬಿಡುತ್ತಾ ಏಳಿ ಎಂದು ಈಗ ಫಿಸಿಯೋಥೆರಪಿಯವರು ಹೇಳಿಕೊಡುವುದೂ ಇದನ್ನೇ.

ಕುರ್ಚಿ ಬಂದದ್ದು ಮಂಡಿಗೆ ಮಾತ್ರ ಅಲ್ಲ

ಹಾಗಂತ ನೆಲದ ಬದುಕನ್ನು ಸ್ವರ್ಗ ಅಂತ ನಾನು ಹೇಳುವುದಿಲ್ಲ. ಯಾರು ನೆಲದಲ್ಲಿ ಕೂರಬೇಕು, ಯಾರು ಜಗಲಿಯ ಮೇಲೆ, ಯಾರು ಅಂಗಳದ ಆಚೆಗೆ ಎನ್ನುವುದನ್ನು ಜಾತಿ ಮತ್ತು ಜಮೀನು ತೀರ್ಮಾನ ಮಾಡುತ್ತಿದ್ದ ಕಾಲ ಅದು. ದೊಡ್ಡವರ ಮನೆ ಮುಂದೆ ಎಂಬತ್ತರ ಮುದುಕನೂ ಮಣ್ಣಲ್ಲೇ ಕೂರಬೇಕಿತ್ತು. ಹಾಗಾಗಿ ಎಷ್ಟೋ ಮನೆಗಳಿಗೆ ಕುರ್ಚಿ ಬಂದದ್ದು ಮಾನದ ಪ್ರಶ್ನೆಯಾಗಿ. ತನ್ನ ಮನೆಯಲ್ಲಿ ತನ್ನ ಕುರ್ಚಿಯಲ್ಲಿ ಕೂತವನಿಗೆ "ನೆಲದಲ್ಲಿ ಕೂತರೆ ಆರೋಗ್ಯಕ್ಕೆ ಒಳ್ಳೇದು" ಅಂತ ಪಾಠ ಹೇಳುವುದಕ್ಕೆ ನಮಗೆ ಬಾಯಿಲ್ಲ.

ಮಂಡಿಯ ಲೆಕ್ಕವೂ ಸರಳವಲ್ಲ. ಚೀನಾದ ಬೀಜಿಂಗ್‌ನಲ್ಲಿ ವಯಸ್ಸಾದವರ ಮೊಣಕಾಲಿನ ಎಕ್ಸ್‌ರೇ ತೆಗೆದು ಮಾಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತವರಲ್ಲಿ ಮಂಡಿ ಸವೆತ ಹೆಚ್ಚು ಕಂಡಿತ್ತು. ನಾಟಿ, ಕಳೆ, ಒಲೆ, ಪಾತ್ರೆ ಅಂತ ಜೀವನವೆಲ್ಲ ಕುಕ್ಕರಿಸಿದ ನಮ್ಮ ಹೆಂಗಸರ ಮಂಡಿಗಳು ಇದನ್ನು ಯಾವ ಎಕ್ಸ್‌ರೇಯೂ ಇಲ್ಲದೆ ಹೇಳುತ್ತವೆ.

ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಪ್ಲಾಸ್ಟಿಕ್ ಕುರ್ಚಿಯನ್ನು ಫ್ರಾನ್ಸಿನ ಆನ್ರಿ ಮಸೊನೆ 1972ರಲ್ಲಿ ತಯಾರಿಸಿದ. ನಮ್ಮ ಕಡೆಯ ಹಳ್ಳಿಗಳಿಗೆ ಅದರ ತಮ್ಮಂದಿರು ಬಂದು ತುಂಬಿದ್ದು 1990ರ ದಶಕದ ನಂತರ, ಶಾಮಿಯಾನದ ಲಾರಿಯಲ್ಲಿ. ಮೊದಲು ಮದುವೆಗೆ ಬಾಡಿಗೆಗೆ ಬಂದವು, ಆಮೇಲೆ ಮನೆಗೇ ಬಂದವು. ಪಂಕ್ತಿ ಊಟ ಟೇಬಲ್ ಮೇಲೆ ಹತ್ತಿತು. ಗ್ಯಾಸ್ ಒಲೆ ಬಂದು ಅಡುಗೆ ಕಟ್ಟೆ ಎದ್ದಿತು, ಮಿಕ್ಸಿ ಬಂದು ಒರಳು ಹಿತ್ತಿಲು ಸೇರಿತು. ಎಲ್ಲವೂ ಬೇಕಾಗಿದ್ದದ್ದೇ. ಆದರೆ ಹೊಸ ಆರ್‌ಸಿಸಿ ಮನೆ ಕಟ್ಟಿದಾಗ ಕಂಬ ಹೋಯಿತು, ಜಗಲಿ ಹೋಯಿತು, ಸಗಣಿ ಸಾರಿಸಿದ ಒರಟು ನೆಲ ಹೋಗಿ ನೀರು ಬಿದ್ದರೆ ಜಾರುವ ಟೈಲ್ಸ್ ಬಂತು. ಈಗ ಮನೆಯಲ್ಲಿ ಇರುವುದು ಎರಡೇ ಎತ್ತರ: ಸೋಫಾ, ಇಲ್ಲವೇ ನೆಲ. ನಡುವೆ ಹಿಡಿಯಲಿಕ್ಕೆ ಏನೂ ಇಲ್ಲ.

ನಮ್ಮಜ್ಜಿಯ ಪ್ರಶ್ನೆಗೆ ನನಗೆ ಸಿಕ್ಕ ಅರ್ಧ ಉತ್ತರ ಇದು. ಅವಳು ಮರೆಯಲಿಲ್ಲ. ಅಭ್ಯಾಸವೂ ಆಸರೆಯೂ ಎರಡೂ ಒಟ್ಟಿಗೆ ಹೋದವು.

ಒಂದು ಗಂಟೆಯ ಲೆಕ್ಕ

ಇನ್ನರ್ಧ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಅದು ನೆಲದಲ್ಲಿ ಕೂರುವ ರೂಢಿಯೇ ಇಲ್ಲದ ದೇಶ. ಅಲ್ಲಿಯವರಿಗೆ ನೆಲ ಅಂದರೆ ಬೀಳುವ ಜಾಗ. ಬಹುಶಃ ಅದಕ್ಕೇ ಅವರು ಅದನ್ನು ಅಷ್ಟು ಹುಷಾರಾಗಿ ಅಧ್ಯಯನ ಮಾಡಿದರು.

1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್ ಅವರಿಗೆ ಪಕ್ಕದ ಬಡವರ ಆಸ್ಪತ್ರೆಯ 714 ರೋಗಿಗಳ ಹೊಣೆ ಬಂತು. ಹೆಚ್ಚಿನವರು ಮುದುಕರು, ಹಾಸಿಗೆ ಹಿಡಿದವರು. ಇವರಿಗೆ ಏನೂ ಮಾಡಲಿಕ್ಕಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿ, ಎಬ್ಬಿಸಿ, ಕೂರಿಸಿ, ನಡೆಸಿದರು. ಎಷ್ಟೋ ಜನ ಮನೆಗೆ ಹೋದರು. ಅವರನ್ನು ಹಾಸಿಗೆಗೆ ಕಟ್ಟಿಹಾಕಿದ್ದರಲ್ಲಿ ರೋಗದಷ್ಟೇ ಪಾಲು ಹಾಸಿಗೆಯದೂ ಇತ್ತು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯರು ಹಾಸಿಗೆಯಲ್ಲಿ ಮಲಗಿಸುವುದರ ಅಪಾಯಗಳ ಬಗ್ಗೆಯೇ ಒಂದು ಲೇಖನ ಬರೆದರು. ವಯಸ್ಸಾದವರನ್ನು ಕೂರಿಸಿಯೇ ಇಟ್ಟರೆ ಕ್ಷೇಮ ಎಂಬ ನಂಬಿಕೆಗೆ ಬಿದ್ದ ಮೊದಲ ಏಟುಗಳಿವು. ನಮ್ಮ ಮನೆಯಲ್ಲಿ ಆ ನಂಬಿಕೆ ಇನ್ನೂ ಗಟ್ಟಿಯಾಗಿದೆ!

ಆಮೇಲೆ ಬಂದವರು ಬರ್ನಾರ್ಡ್ ಐಸಾಕ್ಸ್. ಅವರೂ ಅವರ ಜೊತೆಗಾರರೂ ಮನೆಯಲ್ಲಿ ಬಿದ್ದ ವೃದ್ಧರನ್ನು ಹಿಂಬಾಲಿಸಿ ನೋಡಿ 1981ರಲ್ಲಿ ಒಂದು ವರದಿ ಪ್ರಕಟಿಸಿದರು. ಬಿದ್ದು ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದಲ್ಲೇ ಉಳಿದವರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಅವರಲ್ಲಿ ಪೆಟ್ಟೇ ಆಗದವರೂ ಇದ್ದರು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಜ್ಜಿ ಬಿದ್ದಿದ್ದು ಎರಡು ಗಂಟೆ.

ಆ ಅಂಕಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅಷ್ಟು ಹೊತ್ತು ಏಳಲಾಗದವರು ಮೊದಲೇ ಸೋತಿರುತ್ತಾರೆ; ಅದೂ ಒಂದು ಕಾರಣ. ಜೊತೆಗೆ ನೆಲವೂ ತನ್ನ ಕೆಲಸ ಮಾಡುತ್ತದೆ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಮಾಂಸಖಂಡ ಜಜ್ಜಿದಂತಾಗಿ ಅದರ ವಿಷ ರಕ್ತಕ್ಕೆ ಸೇರಿ ಕಿಡ್ನಿಗೆ ತೊಂದರೆ ಕೊಡುತ್ತದೆ. ನೀರಿಲ್ಲದೆ ಮೈ ಒಣಗುತ್ತದೆ, ಚಳಿಗೆ ಮೈ ತಣ್ಣಗಾಗುತ್ತದೆ, ಎದೆಗೆ ಕಫ ಕಟ್ಟುತ್ತದೆ.

ಅಮೆರಿಕದ ಮೇರಿ ಟಿನೆಟಿ ಮತ್ತು ಸಂಗಡಿಗರು 1993ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಬಿದ್ದರೂ ಗಾಯವಾಗದ 313 ವೃದ್ಧರಲ್ಲಿ 148 ಮಂದಿಗೆ, ಅಂದರೆ ಶೇ. 47ರಷ್ಟು ಜನಕ್ಕೆ, ಒಮ್ಮೆಯಾದರೂ ಬೇರೆಯವರ ಸಹಾಯವಿಲ್ಲದೆ ಏಳಲಾಗಿರಲಿಲ್ಲ. ಅಲ್ಲಿಗೆ ಬೀಳುವುದು ಒಂದು ಸಮಸ್ಯೆ, ಏಳಲಾಗದಿರುವುದು ಇನ್ನೊಂದೇ ಸಮಸ್ಯೆ ಎಂದು ಗೊತ್ತಾಯಿತು. 2008ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೊಂಬತ್ತು ದಾಟಿದವರ ಬಗ್ಗೆ ಬಂದ ಅಧ್ಯಯನ ನಮ್ಮಜ್ಜಿಯನ್ನೇ ನೋಡಿ ಬರೆದ ಹಾಗಿತ್ತು. ಅವರಲ್ಲಿ ಅನೇಕರ ಹತ್ತಿರ ಒತ್ತಿದರೆ ಸಹಾಯ ಬರುವ ಗುಂಡಿ ಇತ್ತು. ಒಂಟಿಯಾಗಿ ಬಿದ್ದು ಏಳಲಾಗದೆ ಇದ್ದಾಗ ಬಹುಪಾಲು ಜನ ಅದನ್ನು ಒತ್ತಿರಲಿಲ್ಲ. ಯಾರಿಗೋ ಯಾಕೆ ತೊಂದರೆ ಕೊಡುವುದು ಅನ್ನುವುದು ನಮ್ಮ ಊರಿನ ಮಾತು ಅಂದುಕೊಂಡಿದ್ದೆ. ಅಲ್ಲಿಯೂ ಅದೇ.

ಬೆಳ್ಳೂರಿನವರ ಹಗ್ಗ

ಇಂಗ್ಲೆಂಡಿನ ವೈದ್ಯರು ಏಳಲಾಗದವರನ್ನು ಎಣಿಸುತ್ತಿದ್ದ ಕಾಲದಲ್ಲೇ, ಆಸರೆ ಕೊಟ್ಟು ದೇಹಕ್ಕೆ ಕಲಿಸುವ ಕೆಲಸವನ್ನು ನಮ್ಮವರೊಬ್ಬರು ಪುಣೆಯಲ್ಲಿ ಮಾಡುತ್ತಿದ್ದರು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಊರಲ್ಲೆಲ್ಲ ಇನ್‌ಫ್ಲುಯೆಂಜಾ ಹರಡಿದ್ದ ವರ್ಷ. ಹುಟ್ಟಾ ರೋಗಿಷ್ಠ ಮಗು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡವರು. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು, ಹದಿಹರೆಯದಲ್ಲೇ ಪುಣೆಗೆ ಹೋದರು.

ಬಗ್ಗದ ಮೈಯ ಕಷ್ಟ ಏನೆಂದು ಸ್ವಂತ ಅನುಭವದಿಂದ ಗೊತ್ತಿದ್ದವರು. ಅದಕ್ಕೇ ಅವರು ಗೋಡೆಗೆ ಹಗ್ಗ ಕಟ್ಟಿದರು. ಮರದ ದಿಮ್ಮಿ, ಬೆಲ್ಟು, ದಿಂಬು, ಕಬ್ಬಿಣದ ಮಡಿಚುವ ಕುರ್ಚಿ ಎಲ್ಲವನ್ನೂ ಬಳಸಿದರು. ಬೆಲ್ಜಿಯಂನ ರಾಜಮಾತೆ ಎಲಿಜಬೆತ್ ಅವರಿಗೆ ಎಂಬತ್ತರ ವಯಸ್ಸಿನಲ್ಲಿ ಶೀರ್ಷಾಸನ ಕಲಿಸಿದ್ದು ಎಲ್ಲರೂ ಹೇಳುವ ಕಥೆ. ನನಗೆ ಅದಕ್ಕಿಂತ ಆ ಕುರ್ಚಿ ದೊಡ್ಡದಾಗಿ ಕಾಣುತ್ತದೆ. ನಾವು ಅಜ್ಜಿಯನ್ನು ಕೂರಿಸಿಬಿಡಲು ಕುರ್ಚಿ ತಂದೆವು. ಅವರು ಅದನ್ನೇ ಹಿಡಿದು ಬಗ್ಗಲು, ಇಳಿಯಲು, ಏಳಲು ಬಳಸಿದರು. ನಮ್ಮ ಮುತ್ತಜ್ಜನ ತೊಲೆಯ ಹಗ್ಗವೂ ಅದೇ ಜಾತಿಯದು ಅಂತ ನನ್ನ ಲೆಕ್ಕ.

ಕೊನೆಯಿಂದ ಕಲಿಯುವುದು

1990ರ ದಶಕದಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಯವರು ಒಂದು ಸರಳ ಉಪಾಯದ ಬಗ್ಗೆ ಬರೆದರು. ರೀಸ್ ಮತ್ತು ಸಿಂಪ್ಸನ್ ಎಂಬಿಬ್ಬರ ಲೇಖನ 1996ರದು. ವೃದ್ಧರನ್ನು ನೆಲದಲ್ಲಿ ಮಲಗಿಸಿ "ಏಳಿ" ಅಂದರೆ ಹೆದರುತ್ತಾರೆ. ಅದರ ಬದಲು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವುದು. ಮೊದಲ ದಿನ ಗಟ್ಟಿ ಕುರ್ಚಿ ಹಿಡಿದು ನಿಂತು, ಒಂದು ಕಾಲು ಹಿಂದಿಟ್ಟು ಸ್ವಲ್ಪ ಬಗ್ಗಿ ಮತ್ತೆ ನಿಲ್ಲುವುದು, ಅಷ್ಟೇ. ಅದು ಒಗ್ಗಿದ ಮೇಲೆ ದಪ್ಪ ಹಾಸಿನ ಮೇಲೆ ಒಂದು ಮಂಡಿಯೂರಿ ಏಳುವುದು. ಆಮೇಲೆ ಎರಡೂ ಮಂಡಿ. ಆಮೇಲೆ ಅಂಬೆಗಾಲು. ಆಮೇಲೆ ಮಗ್ಗುಲಿಗೆ ಕೂರುವುದು, ಕೊನೆಗೆ ಮಲಗುವುದು. ಪ್ರತಿ ಹಂತದಲ್ಲೂ ವಾಪಸ್ ಬರುವ ದಾರಿ ಮೊದಲೇ ಗೊತ್ತಿರುತ್ತದೆ. ಮಕ್ಕಳನ್ನು ಬಾವಿಗೆ ತಳ್ಳಿ ಈಜು ಕಲಿಸುವುದಕ್ಕೆ ಇದು ನೇರ ಉಲ್ಟಾ.

ನಮ್ಮ ತಾಲ್ಲೂಕಿನಲ್ಲಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳೊಬ್ಬರು ಅಜ್ಜಿಗೆ ಕಲಿಸಿದ್ದು ಇದನ್ನೇ. ಕುರ್ಚಿಯ ಬೆನ್ನು ಗೋಡೆಗೆ ಒತ್ತಿಸಿ ಇಟ್ಟರು, ಜಾರದಂತೆ. ಪ್ಲಾಸ್ಟಿಕ್ ಕುರ್ಚಿ ಬೇಡ, ಮಗುಚುತ್ತದೆ, ಮರದ್ದು ತನ್ನಿ ಅಂದರು. ಮಂಡಿಗೆ ಮಡಿಚಿದ ಕಂಬಳಿ. ಅಜ್ಜಿಯ ಎಡಮಂಡಿ ಹೆಚ್ಚು ನೋಯುತ್ತದೆ, ಹಾಗಾಗಿ ಬಲಪಾದ ಮುಂದಿಟ್ಟು ಏಳಬೇಕು. ಗಟ್ಟಿ ಕಾಲು ಕೆಲಸ ಮಾಡಲಿ. ಎದ್ದ ತಕ್ಷಣ ನಡೆಯಬಾರದು, ತಿರುಗಿ ಅದೇ ಕುರ್ಚಿಯಲ್ಲಿ ಕೂತು ತಲೆಸುತ್ತು ಇಳಿಯುವವರೆಗೆ ಕಾಯಬೇಕು. ಇಳಿಯುವುದು ಇದರ ತಿರುವುಮುರುವು: ಕುರ್ಚಿ ಹಿಡಿದು ಒಂದು ಮಂಡಿ, ಎರಡು ಮಂಡಿ, ಕೈ ಊರಿ ಮಗ್ಗುಲಿಗೆ. ದೊಪ್ಪನೆ ಕೂರುವುದು ಮಾತ್ರ ಬೇಡ. ಮಂಡಿಯ ಆಪರೇಷನ್ ಆದವರು, ಸೊಂಟದ ಆಪರೇಷನ್ ಆದವರು, ಮೂಳೆ ತೀರಾ ಸವೆದವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬಾರದು ಎಂದೂ ಹೇಳಿದರು.

ನಮ್ಮಪ್ಪನಿಗೆ ಅವರು ಹೇಳಿದ್ದು ಬೇರೆ. "ನೀವು ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಅವರ ಭುಜ ಹೋಗುತ್ತೆ, ನಿಮ್ಮ ಸೊಂಟ ಹೋಗುತ್ತೆ." ಬಿದ್ದವರನ್ನು ಕಂಡ ತಕ್ಷಣ ಇಬ್ಬರು ಸೇರಿ ಗಬಕ್ಕನೆ ಎತ್ತುವುದು ನಮ್ಮಲ್ಲಿ ಎಲ್ಲರೂ ಮಾಡುವುದು, ನಾವೂ ಅವತ್ತು ಮಾಡಿದ್ದು ಅದನ್ನೇ. ಮೊದಲು ಪಕ್ಕದಲ್ಲಿ ಕೂತು ಮಾತಾಡಿಸಬೇಕು. ಎಲ್ಲಿ ನೋವು? ತಲೆಗೆ ಏಟು ಬಿತ್ತಾ? ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರಬಹುದು. ಪ್ರಜ್ಞೆ ತಪ್ಪಿದ್ದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ, ಎತ್ತಬೇಡಿ. ಕಂಬಳಿ ಹೊದಿಸಿ 108ಕ್ಕೆ ಫೋನ್ ಮಾಡಿ. 2008ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಆರೋಗ್ಯ ಕವಚದ ಗಾಡಿ ಇರುವುದು ಇಂಥದ್ದಕ್ಕೇ. ಪೆಟ್ಟಿಲ್ಲದಿದ್ದರೆ ಮುಂದೆ ಒಂದು ಕುರ್ಚಿ, ಹಿಂದೆ ಒಂದು ಕುರ್ಚಿ ಇಟ್ಟು ಅವರೇ ಏಳುವಂತೆ ದಾರಿ ಹೇಳಿ. ನಿಮ್ಮ ಕೈ ಆಸರೆಗೆ ಇರಲಿ, ಭಾರ ಅವರೇ ಹೊರಲಿ.

ಏಳಲು ಆಗಲೇ ಇಲ್ಲದಿದ್ದರೆ? ಕೈಗೆ ಸಿಕ್ಕ ಬಟ್ಟೆ ಎಳೆದು ಹೊದ್ದುಕೊಳ್ಳುವುದು, ಆಗಾಗ ಮಗ್ಗುಲು ಬದಲಿಸುವುದು, ಪಾದ ಆಡಿಸುವುದು, ತಟ್ಟೆಯೋ ಚೊಂಬೋ ಸಿಕ್ಕರೆ ನೆಲಕ್ಕೆ ಬಡಿಯುವುದು. ಅಜ್ಜಿಯ ಕೀಪ್ಯಾಡ್ ಫೋನು ಮೊದಲು ಗೋಡೆಯ ಗೂಡಿನಲ್ಲಿ ಇರುತ್ತಿತ್ತು, ಅವಳ ತಲೆಗಿಂತ ಎತ್ತರದಲ್ಲಿ. ಈಗ ಅದು ಸೊಂಟದ ಎಲೆ ಅಡಿಕೆ ಚೀಲದೊಳಗೆ ಸುಣ್ಣದ ಡಬ್ಬಿಯ ಪಕ್ಕ ಇರುತ್ತದೆ. ಸ್ಪೀಕರಿಗೆ ಸುಣ್ಣ ಮೆತ್ತಿ ಮಾತು ಸ್ವಲ್ಪ ಗೊರಗೊರ ಅನ್ನುತ್ತದೆ, ಇರಲಿ.

ನೆಲದಲ್ಲೇ ಬದುಕಿದ ಇನ್ನೊಂದು ದೇಶ ಜಪಾನ್. ಅಲ್ಲಿ ವೃದ್ಧರ ಆರೈಕೆಗೆಂದೇ 2000ದಲ್ಲಿ ಶುರುವಾದ ವಿಮೆಯಲ್ಲಿ ಮನೆಯ ಗೋಡೆಗೆ ಹಿಡಿಕೆ ಹಾಕಿಸಲು, ಹೊಸಿಲು ಮಟ್ಟ ಮಾಡಿಸಲು, ಕುಕ್ಕರಿಸುವ ಕಕ್ಕಸನ್ನು ಕೂರುವ ಕಕ್ಕಸಾಗಿ ಬದಲಿಸಲು 2 ಲಕ್ಷ ಯೆನ್‌ವರೆಗಿನ ಖರ್ಚಿಗೆ ನೆರವಿದೆ. ನಮ್ಮಲ್ಲಿ 2011ರ ಜನಗಣತಿಯ ಹೊತ್ತಿಗೇ ಅರವತ್ತು ತುಂಬಿದವರು ಸುಮಾರು 10.4 ಕೋಟಿ ಇದ್ದರು, ನೂರಕ್ಕೆ ಎಪ್ಪತ್ತೊಂದು ಮಂದಿ ಹಳ್ಳಿಗಳಲ್ಲಿ. ಮನೆ ಕಟ್ಟಲು, ಶೌಚಾಲಯ ಕಟ್ಟಲು ಸರ್ಕಾರ ಹಣ ಕೊಡುವಾಗ ಒಂದು ಕಬ್ಬಿಣದ ಹಿಡಿಕೆಯ ಖರ್ಚನ್ನೂ ಸೇರಿಸಿದರೆ ಏನು ನಷ್ಟ ಅಂತ ನನಗೆ ಅರ್ಥವಾಗುವುದಿಲ್ಲ. ನಮ್ಮ ಮನೆಯದಕ್ಕೆ ಬಚ್ಚಲಲ್ಲೊಂದು, ಅಡುಗೆಮನೆ ಬಾಗಿಲಲ್ಲೊಂದು ನೀರಿನ ಪೈಪನ್ನೇ ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ ಹಾಕಿಸಿದೆವು.

ವಾಟ್ಸಾಪಿನಲ್ಲಿ ಒಂದು ವಿಡಿಯೋ ಓಡಾಡುತ್ತದೆ, ನೀವೂ ನೋಡಿರಬಹುದು: ಕೈ ಊರದೆ ನೆಲದಿಂದ ಎದ್ದರೆ ನೂರು ವರ್ಷ ಬದುಕುತ್ತೀರಿ ಅಂತ. ಅದರ ಮೂಲ ಬ್ರೆಜಿಲ್‌ನ ವೈದ್ಯ ಕ್ಲಾಡಿಯೋ ಅರೌಜೊ ಅವರ ಪರೀಕ್ಷೆ. ಕೂರಲು 5, ಏಳಲು 5 ಅಂಕ. ಕೈಯೋ ಮಂಡಿಯೋ ಊರಿದರೆ ಪ್ರತಿ ಸಲಕ್ಕೆ 1 ಕಳೆಯುವುದು, ತೂರಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಅವರು ಹೇಳಿದ್ದು, ಅಂಕ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚು ಎಂದು. ಮೈಯ ಬಲ, ಬಾಗುವಿಕೆ, ಸಮತೋಲ ಎಲ್ಲದರ ಒಟ್ಟು ಅಳತೆ ಅದು. ಜಾತಕ ಅಲ್ಲ. ಮೊಮ್ಮಕ್ಕಳು ಮೊಬೈಲ್ ಹಿಡಿದು "ಕೈ ಬಿಟ್ಟು ಏಳಜ್ಜಿ" ಅಂತ ಆಟ ಕಟ್ಟಬೇಡಿ. ನಮ್ಮಜ್ಜಿಗೆ ಅದರಲ್ಲಿ ಎರಡೂವರೆ ಅಂಕವೂ ಬರಲಿಕ್ಕಿಲ್ಲ. ಅವಳಿಗೆ ಬೇಕಿರುವುದು ಕೈ ಊರಿಯೇ ಏಳುವುದು.

ಕಲಿಯಲು ಎರಡು ತಿಂಗಳು ಹಿಡಿಯಿತು. ನಡುವೆ ಒಂದು ವಾರ ಮಂಡಿ ಊದಿ ನಿಂತುಹೋಗಿತ್ತು. ಇನ್ನೊಂದು ವಾರ ಅಪ್ಪನೇ ಹೆದರಿ ಬೇಡ ಅಂದಿದ್ದ. ಆಮೇಲೆ ಅವರೆಕಾಯಿ ಕಾಲ ಬಂತು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಪಡಸಾಲೆಯಲ್ಲಿ ಚೀಲ ಸುರಿದು ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಸುಲಿಯಲು ಕೂತಿದ್ದರು. ಸೊಗಡಿನ ವಾಸನೆ ಮನೆ ತುಂಬ. ಅಜ್ಜಿ ಕುರ್ಚಿಯಲ್ಲಿ ಕೂತು ಎರಡು ನಿಮಿಷ ನೋಡಿದಳು. ಎದ್ದು ಕುರ್ಚಿಯನ್ನು ತಾನೇ ಗೋಡೆಗೆ ತಳ್ಳಿದಳು, ಕಂಬಳಿ ಹಾಸಿದಳು, ಒಂದು ಮಂಡಿ, ಎರಡು ಮಂಡಿ, ಕೈ, ಮಗ್ಗುಲು. ಯಾರೂ ಮಾತಾಡಲಿಲ್ಲ. ಅಪ್ಪ ಬಾಗಿಲಲ್ಲಿ ಎರಡೂ ಕೈ ಮುಂದೆ ಚಾಚಿಕೊಂಡು ನಿಂತುಬಿಟ್ಟಿದ್ದ.

ಅಜ್ಜಿ ಗುಡ್ಡೆಯಿಂದ ಒಂದು ಹಿಡಿ ಕಾಯಿ ತನ್ನ ಕಡೆ ಎಳೆದುಕೊಂಡು, ಅಮ್ಮ ಸುಲಿದಿದ್ದ ಸಿಪ್ಪೆಯನ್ನು ಕೆದಕಿ ನೋಡಿದಳು.

"ಏನವ್ವ ಇದು, ಅರ್ಧ ಕಾಳು ಸಿಪ್ಪೇಲೇ ಬಿಟ್ಟಿದೀಯಾ."